ಮೂವತ್ತೆಂಟು ಕಾಳು

ಗೊತ್ತಾಗಿದ್ದರೆ ಯಾಕೆ ಕರೆಯುತ್ತಿದ್ದಳು? ಗೊತ್ತಾಗಿರದಿದ್ದರೆ ಫೋನಿನಲ್ಲಿ ಅಷ್ಟು ಹೊತ್ತು ಸುಮ್ಮನೆ ಯಾಕಿದ್ದಳು? "ನಾಳಿ ಬಾ, ನಿನಗ ತೋರ್ಸೋದದ" ಎಂದಷ್ಟೇ ಹೇಳಿದ ಮೀರಾಬಾಯಿ ಫೋನನ್ನು ಕಿವಿಗೆ ಹಿಡಿದುಕೊಂಡೇ ಇದ್ದಳು. ಅತ್ತ ಕಡೆ ಆಡು ಒದರುವುದು, ಯಾರೋ ಕೊಡ ತಿಕ್ಕುವುದು ಕೇಳುತ್ತಿತ್ತು. ಏನು ತೋರಿಸುವುದು ಎಂದು ರತ್ನದೀಪ ಕೇಳಲಿಲ್ಲ. ಕೇಳಿದ್ದರೆ ಉತ್ತರ ಬಂದುಬಿಡುತ್ತಿತ್ತು.

ಬೆಳಗಿನ ಬಸವಕಲ್ಯಾಣದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಅವನು ಇದನ್ನೇ ತಿರುವಿ ಹಾಕುತ್ತಿದ್ದ. ಹುಮನಾಬಾದಿನ ಕಾಲೇಜೊಂದರಲ್ಲಿ ಅವನು ಸಸ್ಯಶಾಸ್ತ್ರದ ಅತಿಥಿ ಉಪನ್ಯಾಸಕ. ಮೀರಾಬಾಯಿ ಅವನ ದೊಡ್ಡವ್ವ, ಅಪ್ಪನ ಅಣ್ಣನ ಹೆಂಡತಿ. ಅವ್ವ ಕೂಲಿಗೆ ಹೋಗುತ್ತಿದ್ದುದರಿಂದ ಅವನು ಬೆಳೆದದ್ದು ಈಕೆಯ ಸೊಂಟದ ಮೇಲೆ. ದೊಡ್ಡಪ್ಪ ತೀರಿಕೊಂಡ ಮೇಲೆ ಈಕೆ ರಾಜೇಶ್ವರದಿಂದ ಮೂರು ಕಿಲೋಮೀಟರು ಒಳಗಿರುವ ಊರಿನಲ್ಲಿ ಒಬ್ಬಳೇ ಇದ್ದಾಳೆ.

ಆ ಊರಿನ ಪಡುವಲಿಗೆ ಎಮ್ಮಿ ಹೊಂಡ. ಜೂನಿನ ಮಿರಗದ ಮಳೆಗೆ ತುಂಬಿ ಸಂಕ್ರಾಂತಿಯ ಹೊತ್ತಿಗೆ ಬತ್ತುವ, ಎಮ್ಮೆಗಳು ಬೀಳುವ ಹೊಂಡ. ನೀರು ತುಂಬಿದ ಹದಿನೈದು ದಿನಕ್ಕೆ ಅದರ ಮೇಲೆ ನಾಲ್ಕು ನಾಲ್ಕು ಎಲೆ ತೇಲುತ್ತವೆ. ಹೆಂಗಸರು ಅದನ್ನು ನಾಕೆಲಿ ಪಲ್ಯ ಎನ್ನುತ್ತಾರೆ, ಬೇಳೆಗೆ ಹಾಕುತ್ತಾರೆ. ಹೂವಿಲ್ಲ, ಬೀಜವಿಲ್ಲ, ಜರೀಗಿಡದ ಜಾತಿ. ನೀರು ಆಳವಿದ್ದಷ್ಟು ದಿನ ತೊಟ್ಟು ಉದ್ದಕ್ಕೆ ಬೆಳೆದು ಎಲೆಯನ್ನು ಮೇಲೆ ಹಿಡಿದಿರುತ್ತದೆ. ನೀರು ಇಳಿದಾಗ ತೊಟ್ಟು ಗಿಡ್ಡವಾಗಿ ಗಟ್ಟಿಯಾಗಿ ಕೆಸರಿನಲ್ಲಿ ನಿಲ್ಲುತ್ತದೆ. ಆಗ, ಸಾಯುವ ಕಾಲಕ್ಕೆ ಮಾತ್ರ, ಅದರ ಬುಡದಲ್ಲಿ ಕಾಳು ಕಟ್ಟುತ್ತದೆ. ಹೆಸರುಕಾಳಿಗಿಂತ ಸಣ್ಣದು, ಕಲ್ಲಿನಷ್ಟು ಗಟ್ಟಿ. ಗಿಡ ಒಣಗಿ ಹಾರಿಹೋಗುತ್ತದೆ, ಕಾಳು ಬಿರುಕಿನಲ್ಲಿ ಉಳಿಯುತ್ತದೆ. ಬರೀ ನೀರಿಗೆ ಅದು ಬಾಯಿ ಬಿಡುವುದಿಲ್ಲ. ಎಮ್ಮೆಯ ಗೊರಸೋ ಕಲ್ಲೋ ತಾಗಿ ಸಿಪ್ಪೆ ಒಡೆಯಬೇಕು.

ಆ ಕಾಳಿನಿಂದ ಇವರ ಓಣಿಯ ಹೆಂಗಸರು ಕೂಸಿಗೆ ಗಿಲಕಿ ಮಾಡುತ್ತಿದ್ದರು. ಓದಿದವರಿಗೂ ಓಣಿಯ ಬುದ್ಧ ವಿಹಾರಕ್ಕೂ ಇದರ ಗೊಡವೆ ಇರಲಿಲ್ಲ. ಅದು ಅಜ್ಜಿಯರ ಕೆಲಸ. ಹೆಸರಿಡುವ ದಿನ ಕೂಸಿನ ಅಪ್ಪನ ತಾಯಿ ಒಣ ಹೊಂಡಕ್ಕೆ ಹೋಗಿ ಕಾಳು ಆರಿಸಿ ತಂದು, ಅಂಗೈಯಷ್ಟು ಸೋರೆಬುರುಡೆಯಲ್ಲಿ ತುಂಬಿ, ಬಾಯಿಗೆ ಮೇಣ ಮೆತ್ತಿ, ಕೆಂಪು ದಾರ ಸುತ್ತುತ್ತಿದ್ದಳು. ಕೂಸು ದೊಡ್ಡದಾದರೆ ಗಿಲಕಿ ಮುಂದಿನ ಕೂಸಿಗೆ. ಕೂಸು ಉಳಿಯದಿದ್ದರೆ ತಾಯಿಯೇ ಬುರುಡೆ ಒಡೆದು ಕಾಳನ್ನು ಹೊಂಡಕ್ಕೆ ಬಿಡಬೇಕು. ಬಿಟ್ಟ ಮೇಲೆ ಅಳಬಾರದು.

ಮೀರಾಬಾಯಿ ಬಿಟ್ಟಿರಲಿಲ್ಲ.

ಅವಳ ಮಗಳು ರತ್ನಮಾಲಾ ಹುಟ್ಟಿದ್ದು ಭೂಕಂಪದ ವರ್ಷದ ಹೋಳಿ ಹಬ್ಬಕ್ಕೆ. ಗಣಪತಿ ಕಳಿಸಿದ ಮರುದಿನ ನಸುಕಿನಲ್ಲಿ ಗಡಿಯಾಚೆ ಕಿಲ್ಲಾರಿ ಕಡೆ ಭೂಮಿ ನಡುಗಿತು. ಇವರ ಊರಿನಲ್ಲಿ ಎರಡು ಗೋಡೆ ಬಿದ್ದವು, ಯಾರೂ ಸಾಯಲಿಲ್ಲ. ಆದರೆ ಹೆದರಿದ ಜನ ಮೂರು ವಾರ ಮನೆಯೊಳಗೆ ಮಲಗಲಿಲ್ಲ. ಹೊಲದ ಬದುವಿನಲ್ಲಿ, ತಾಡಪತ್ರಿಯ ಕೆಳಗೆ, ಸುರಿಯುವ ಮಳೆಯಲ್ಲಿ ಮಲಗಿದರು. ಆರು ತಿಂಗಳ ಕೂಸಿಗೆ ಎದೆ ಕಟ್ಟಿತು. ಬೀಳದ ಮನೆಗೆ ಹೆದರಿ ಹೊರಗೆ ಮಲಗಿ ಕಳೆದುಕೊಂಡೆವು ಎಂದು ದೊಡ್ಡಪ್ಪ ಸಾಯುವವರೆಗೆ ಹೇಳುತ್ತಿದ್ದ. ದೊಡ್ಡವ್ವ ಹೇಳುತ್ತಿರಲಿಲ್ಲ. ಅತ್ತೆ ಸೋನುಬಾಯಿ ಗಿಲಕಿ ಕೇಳಿದಾಗ ಇವಳು ಅದನ್ನು ಕೂಸಿನ ಕುಂಚಿಗೆಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟು ಕೀಲಿ ಹಾಕಿದಳು. ಎರಡು ವರ್ಷದ ಮೇಲೆ ಮೈದುನನಿಗೆ ಮಗ ಹುಟ್ಟಿದಾಗ, ಸತ್ತ ಕೂಸಿನ ಹೆಸರಿನ ಅರ್ಧವನ್ನು ಇಟ್ಟು ರತ್ನದೀಪ ಎಂದರು. ಗಿಲಕಿ ಕೊಡಲಿಲ್ಲ.

ಈ ವರ್ಷದ ಫೆಬ್ರುವರಿಯಲ್ಲಿ ಅದನ್ನು ಕೇಳಿದವನು ರತ್ನದೀಪ.

ಅವನ ಗೈಡು ಅಶೋಕಕುಮಾರ ಸರ್ ಒಂದು ದಿನ ಮಾತಿಗೆ ಹೇಳಿದ್ದರು, ಈ ಕಾಳು ದಶಕಗಟ್ಟಲೆ ಬದುಕಿರುತ್ತದೆ ಎಂದು ಹೊರದೇಶದವರು ಬರೆದಿದ್ದಾರೆ, ನಮ್ಮ ಕಡೆಯ ತಾರೀಕು ಗೊತ್ತಿರುವ ಹಳೆಯ ಕಾಳು ಸಿಕ್ಕರೆ ಒಳ್ಳೆಯ ಲೇಖನವಾಗುತ್ತದೆ ಎಂದು. ಲೇಖನವಾದರೆ ಪಿಎಚ್.ಡಿ. ಮುಗಿಯುತ್ತದೆ. ಇವನಿಗೆ ಕೂಡಲೇ ನೆನಪಾದದ್ದು ಆ ಟ್ರಂಕು. ಅಷ್ಟು ಬೇಗ ನೆನಪಾದದ್ದಕ್ಕೆ ಆಗಲೇ ಸ್ವಲ್ಪ ನಾಚಿಕೆಯಾಗಿತ್ತು. ಆದರೂ ಮುಂದಿನ ಭಾನುವಾರವೇ ಹೋದ.

ಮೀರಾಬಾಯಿ ಮೊದಲು ಒಲ್ಲೆ ಎಂದಳು. ಅವನು ಒತ್ತಾಯ ಮಾಡಲಿಲ್ಲ. ಕಾಳಿನ ಸಂಗತಿ ಮಾತ್ರ ಹೇಳಿದ. ಅವಳು ಸುಲಿಯುತ್ತಿದ್ದ ಬೆಳ್ಳುಳ್ಳಿ ಅಲ್ಲೇ ಬಿಟ್ಟು ಅವನ ಮುಖ ನೋಡಿದಳು.

"ಅಂದ್ರ ಅವು ಸತ್ತಿಲ್ಲ ಅಂತೀ?"

"ಸತ್ತಿರಲಿಕ್ಕಿಲ್ಲ ದೊಡ್ಡವ್ವ. ನೋಡಬೇಕು."

"ಮೂವತ್ತೊಂದು ವರ್ಷ ಆದವಲ್ಲೋ."

"ಆದ್ರೂ."

ಅವಳು ಸೆರಗಿಗೆ ಕೈ ಒರೆಸಿಕೊಂಡಳು. ಆಮೇಲೆ ಎದ್ದು ಟ್ರಂಕು ತೆಗೆದಳು. ಕುಂಚಿಗೆ ಬಿಚ್ಚಿ, ಗಿಲಕಿಯನ್ನು ಒಮ್ಮೆ ಕಿವಿಯ ಹತ್ತಿರ ಅಲ್ಲಾಡಿಸಿ ಅವನ ಕೈಗಿಟ್ಟಳು. ಸಣ್ಣ, ಒಣ ಸದ್ದು. ಗಾಜಿನ ಚೂರು ತಾಗಿದಂತೆ.

"ಸತ್ತಾವ ಅಂತ ತಿಳ್ಕೊಂಡೇ ಬಿಟ್ಟಿದ್ದಿಲ್ಲ ನಾ. ಸತ್ತಿದ್ದನ್ನ ಯಾಕ ಬಿಡ್ಲಿ? ಇದೊಂದರೆ ಇರ್ಲಿ ಅಂತ." ಅವಳು ಕುಂಚಿಗೆಯನ್ನು ಮಡಚುತ್ತ ಹೇಳಿದಳು. "ಎರಡೇ ಕಾಳು ತೊಗೊ. ಉಳಿದದ್ದು ಹ್ಯಾಂಗ ಅದ ಹಂಗೇ ತಿರುಗಿ ತಾ. ಜೀವ ಇದ್ರ ಬಂದು ಹೇಳು. ಈ ಸಲ ಮಳಿಗಿ ನಾನೇ ಹೊಂಡಕ್ಕ ಬಿಡ್ತೀನಿ. ಆಕಿನ್ನ ಎಷ್ಟು ದಿನಾ ಅಂತ ಟ್ರಂಕಿನ್ಯಾಗ ಇಟ್ಕೊಂಡು ಕೂಡ್ಲಿ."

ಅವನು ಎರಡೇ ಎಂದು ಮಾತು ಕೊಟ್ಟ.

ಲ್ಯಾಬಿನಲ್ಲಿ ಬ್ಲೇಡಿನಿಂದ ಮೇಣ ತೆಗೆದು ಕಾಳು ಎಣಿಸಿದ. ಮೂವತ್ತೆಂಟು. ಕಪ್ಪಗೆ, ನುಣ್ಣಗೆ ಇದ್ದವು. ಎರಡನ್ನು ತೆಗೆದು ಉಗುರು ತಿಕ್ಕುವ ಅರದಿಂದ ಒಂದು ತುದಿ ಸವೆಸಿ ತಟ್ಟೆಯ ನೀರಿಗೆ ಹಾಕಿದ. ಲ್ಯಾಬಿನ ಅಟೆಂಡರ್ ಮಹಜಬೀನ್ ಪಕ್ಕದಲ್ಲೇ ಗಾಜು ಒರೆಸುತ್ತಿದ್ದಳು. ಮುಕ್ಕಾಲು ಗಂಟೆಗೆ ಮೊದಲನೆಯ ಕಾಳು ಎರಡು ಹೋಳಾಗಿ ಬಾಯಿ ಬಿಟ್ಟಿತು. ಒಳಗಿನಿಂದ ಲೋಳೆಯಂಥ ಎಳೆಯೊಂದು ಬಾಗುತ್ತ, ಬಳುಕುತ್ತ ಹೊರಬಂತು. ಕಾಳಿಗಿಂತ ಹತ್ತು ಪಟ್ಟು ಉದ್ದ, ಅದರ ಎರಡೂ ಮಗ್ಗುಲಿಗೆ ಬಿಳಿಯ ಸಣ್ಣ ಗಂಟುಗಳು.

"ಸರ್, ನಿಮ್ಮ ಕಾಳಿನ್ಯಾಗ ಹುಳಾ ಬಿದ್ದಾವ," ಎಂದಳು ಮಹಜಬೀನ್.

ಹುಳವಲ್ಲ, ಇದೇ ಗಿಡ ಎಂದು ಅವನು ವಿವರಿಸಿದ. ಆ ಗಂಟುಗಳು ಬಿಚ್ಚುತ್ತವೆ, ಅದರೊಳಗೆ ದೊಡ್ಡ ಕಣ ಹೆಣ್ಣು, ಸಣ್ಣ ಕಣ ಗಂಡು. ಒಂದೇ ದಿನದಲ್ಲಿ ಕೂಡುತ್ತವೆ. ಮೂರನೆಯ ದಿನಕ್ಕೆ ಹಸಿರು ಕಾಣುತ್ತದೆ.

"ಮೂವತ್ತು ವರ್ಷ ಡಬ್ಬ್ಯಾಗ ಕುಂತು, ಹೊರಗ ಬಂದ ದಿನಾನೇ ಶಾದಿನಾ? ನಮ್ಮ ಮಾಮೂಗ ತೋರಸ್ಬೇಕ್ರಿ ಇದನ್ನ. ನಲವತ್ತಾದ್ರೂ ಇನ್ನಾ ಸೋಚ್ ಮಾಡಾಕತ್ತಾನ."

ಅವನು ನಕ್ಕ. ಎರಡನೆಯ ಕಾಳೂ ತೆರೆಯಿತು. ಆ ಸಂಜೆ ದೊಡ್ಡವ್ವನಿಗೆ ಫೋನು ಮಾಡಬೇಕಿತ್ತು. ಮೊದಲು ಸರ್‌ಗೆ ಮಾಡಿದ.

ಸರ್ ಸಂತೋಷಪಟ್ಟರು. ಆಮೇಲೆ ಎರಡರಲ್ಲಿ ಎರಡು ಎಂದರೆ ಅದು ಲೆಕ್ಕವೇ ಅಲ್ಲ, ಯಾವ ಪತ್ರಿಕೆಯವರೂ ಓದುವುದಿಲ್ಲ, ಇದ್ದಷ್ಟನ್ನೂ ಹಾಕಬೇಕು ಎಂದರು. ಕಾಳು ಕೊಟ್ಟವರಿಗೆ ಮಾತು ಕೊಟ್ಟಿದ್ದೇನೆ ಎಂದು ಅವನು ಹೇಳಬಹುದಿತ್ತು. ಸರ್ ಬೈಯುವ ಮನುಷ್ಯರೇನಲ್ಲ. ಅವನು ಹೂಂ ಎಂದ. ಮಾತಿನ ನಡುವೆ ಖಾಲಿ ಜಾಗ ಬಂದಾಗ ಅದನ್ನು ಹಾಗೇ ಬಿಡುವುದು ಅವನ ಹಳೆಯ ಚಾಳಿ. ಜನ ಅದನ್ನು ಗಂಭೀರ ಸ್ವಭಾವ ಎನ್ನುತ್ತಿದ್ದರು.

ಹತ್ತು ಮಾತ್ರ ಎಂದುಕೊಂಡು ಹತ್ತು ತೆಗೆದ. ಒಂಬತ್ತು ತೆರೆದವು. ಇನ್ನೂ ಹತ್ತು. ಹದಿನಾರು ಉಳಿದಾಗ, ಅರ್ಧಕ್ಕೆ ನಿಲ್ಲಿಸಿದರೆ ಮೊದಲಿನವೂ ದಂಡ ಎನ್ನಿಸಿತು. ಮೂವತ್ತೆಂಟರಲ್ಲಿ ಮೂವತ್ತೈದು ತೆರೆದವು. ಎರಡು ಅಗಲವಾದ ಟಬ್ಬಿನಲ್ಲಿ ಹೊಂಡದ ಮಣ್ಣು ಹಾಕಿ, ಸಸಿಗಳನ್ನು ಬಿಟ್ಟ. ಮೊದಲ ಎಲೆ ಸೂಜಿಯಂತೆ, ಆಮೇಲೆ ಎರಡೆಸಳು, ಕೊನೆಗೆ ನಾಲ್ಕೆಸಳು. ಖಾಲಿ ಬುರುಡೆ ಅವನ ಮೇಜಿನ ಖಾನೆಯಲ್ಲಿತ್ತು. ಇಷ್ಟು ಸಸಿಗಳಿವೆಯಲ್ಲ, ಇವನ್ನೇ ಒಯ್ದು ಕೊಡುತ್ತೇನೆ, ಎಲ್ಲವನ್ನೂ ಹೇಳುತ್ತೇನೆ, ಆಕೆಗೆ ಸಂತೋಷವೇ ಆಗಬಹುದು ಎಂದು ದಿನಾ ಅಂದುಕೊಳ್ಳುತ್ತಿದ್ದ.

ಏಪ್ರಿಲ್‌ನಲ್ಲಿ ರಜೆ ಬಿತ್ತು. ಅವನಿಗೆ ಕಲಬುರಗಿಯಲ್ಲಿ ಹನ್ನೆರಡು ದಿನ ಪೇಪರ್ ತಿದ್ದುವ ಕೆಲಸ ಬಂತು. ಕೀಲಿ ಕೊಟ್ಟು ಹೋಗಿ, ದಿನಾ ನೀರು ಹಾಕುತ್ತೇನೆ, ನನ್ನ ಮನೆ ಇಲ್ಲೇ ಹಿಂದಿದೆ ಎಂದು ಮಹಜಬೀನ್ ಎರಡು ಸಲ ಹೇಳಿದಳು. ಅವಳು ಒರೆಸುವಾಗ ಏನಾದರೂ ಚೆಲ್ಲಿಯಾಳು ಎಂದು ಅವನಿಗೆ ಭಯ. ಟಬ್ಬಿನ ತುಂಬ ನೀರು ಹಾಕಿ, ಕಿಟಕಿ ಮುಚ್ಚಿ, ಕೀಲಿ ಜೇಬಿನಲ್ಲಿಟ್ಟುಕೊಂಡು ಹೋದ.

ತಿರುಗಿ ಬಂದು ಬಾಗಿಲು ತೆಗೆದಾಗ ಕೋಣೆ ಒಲೆಯಂತಿತ್ತು. ಟಬ್ಬಿನ ಮಣ್ಣು ಬಿರುಕು ಬಿಟ್ಟಿತ್ತು, ಬೇಸಿಗೆಯ ಎಮ್ಮಿ ಹೊಂಡವನ್ನು ಸಣ್ಣದು ಮಾಡಿ ಇಟ್ಟ ಹಾಗೆ. ಸಸಿಗಳು ದಾರದ ತುಂಡಾಗಿ ಮಣ್ಣಿಗಂಟಿದ್ದವು. ಅವನು ಬೆರಳಿನಿಂದ ಎರಡೂ ಟಬ್ಬು ಕೆದಕಿದ. ಒಂದು ಕಾಳೂ ಇರಲಿಲ್ಲ. ಇರುವಂತಿರಲಿಲ್ಲ, ಕಾಳು ಕಟ್ಟುವಷ್ಟು ವಯಸ್ಸು ಯಾವುದಕ್ಕೂ ಆಗಿರಲಿಲ್ಲ. ಟ್ರಂಕಿನಲ್ಲಿ ಮೂವತ್ತೊಂದು ವರ್ಷ ತಡೆದದ್ದು ಅವನ ಕೈಯಲ್ಲಿ ಎರಡು ತಿಂಗಳು ತಡೆಯಲಿಲ್ಲ.

ಮೇ ತಿಂಗಳ ಒಂದು ಮಧ್ಯಾಹ್ನ, ಊರವರು ಮಲಗಿರುವ ಹೊತ್ತು ನೋಡಿ ಅವನು ಎಮ್ಮಿ ಹೊಂಡಕ್ಕೆ ಹೋದ. ಮೊಣಕಾಲೂರಿ, ಬಿರುಕಿನಲ್ಲಿ ಕಡ್ಡಿ ಹಾಕಿ ಕಾಳು ಆರಿಸಿದ. ಹೋದ ವರ್ಷದ ಕಾಳು ಕಂದು ಬಣ್ಣ, ಮೇಲೆ ಮೆತ್ತನೆಯ ರೋಮ. ಅವನ್ನು ಕರವಸ್ತ್ರದಲ್ಲಿ ಕಟ್ಟಿ ಕಲ್ಲಿನ ಮೇಲೆ ರೋಮ ಉದುರುವವರೆಗೆ ಹೊರಳಾಡಿಸಿದ. ಎಣಿಸಿ ಮೂವತ್ತಾರು ತುಂಬಿದ. ಮೇಣ ಮೆತ್ತಿ ಅದೇ ಕೆಂಪು ದಾರ ಸುತ್ತಿದ. ಅದೇ ಹೊಂಡ, ಅದೇ ಬಳ್ಳಿಯ ಸಂತಾನ, ಯಾವ ಶಾಸ್ತ್ರಕ್ಕೂ ಇವೆರಡರ ನಡುವೆ ಭೇದವಿಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಹೇಳಿಕೊಳ್ಳುವಾಗ ಕೈ ಮಾತ್ರ ಆಚೀಚೆ ನೋಡುವವನ ಕೈಯಂತೆ ಅವಸರ ಮಾಡುತ್ತಿತ್ತು.

ಅಲ್ಲಿಂದ ನೇರ ದೊಡ್ಡವ್ವನ ಮನೆಗೆ ಹೋಗಿ, ಎರಡೂ ತೆರೆದವು, ಜೀವ ಇದೆ ಎಂದ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಚಿಕ್ಕಂದಿನಿಂದ ಭಾನುವಾರ ವಿಹಾರದಲ್ಲಿ ಸುಳ್ಳಾಡುವುದಿಲ್ಲವೆಂಬ ನಾಲ್ಕನೆಯ ಶೀಲವನ್ನು ಹೇಳಿ ಬೆಳೆದವನು. ಆ ಶೀಲದಲ್ಲಿ ಸುಮ್ಮನಿರುವುದರ ಮಾತಿಲ್ಲ ಎಂಬುದನ್ನು ಅಂದು ಗಮನಿಸಿದ.

ಮೀರಾಬಾಯಿ ಗಿಲಕಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ನಿಲ್ಲಿಸಿದಳು. ಮತ್ತೆ ಅಲ್ಲಾಡಿಸಿದಳು.

"ಸಪ್ಪಳ ಎಳೇದಾಗ್ಯಾದ."

ಅವನು ಎರಡು ಕಡಿಮೆಯಾದವಲ್ಲ ಎಂದು ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಅವಳೇ ಚಹಾ ಇಡುತ್ತೇನೆ ಎಂದು ಎದ್ದು ಒಳಗೆ ಹೋದಳು.

ಮಿರಗದ ಮೊದಲ ದೊಡ್ಡ ಮಳೆಯಾದ ಮರುದಿನ ಅವನನ್ನು ಕರೆಸಿಕೊಂಡು ಹೊಂಡದ ದಂಡೆಗೆ ಹೋದಳು. ಬುರುಡೆಯನ್ನು ಕಲ್ಲಿಗೆ ಬಡಿದು ಒಡೆದಳು. ಅವನು ಹೇಳಿಕೊಟ್ಟಂತೆ ಒಂದೊಂದೇ ಕಾಳಿನ ತುದಿಯನ್ನು ಕಲ್ಲಿಗೆ ತಿಕ್ಕಿ, ಬಡಗಣ ಮೂಲೆಯ ಕೆಸರು ನೀರಿಗೆ ಬಿಟ್ಟಳು. ತಿಕ್ಕುವಾಗ ತುಟಿ ಅಲುಗುತ್ತಿದ್ದವು. ಅವಳು ಎಣಿಸುತ್ತಿದ್ದಾಳೋ ಹೆಸರು ಹೇಳುತ್ತಿದ್ದಾಳೋ ತಿಳಿಯಲಿಲ್ಲ. ಕೊನೆಗೆ ಕೈ ತೊಳೆದು, "ಮೂವತ್ತಾರು. ಎರಡು ನಿನ್ನ ಕಡೆ ಹೋದವು. ಬರೋಬರಿ ಅದ," ಎಂದಳು. ಅಳಲಿಲ್ಲ. ಅಳಬಾರದೆಂಬ ಕಟ್ಟಳೆಯನ್ನು ಮೂವತ್ತೊಂದು ವರ್ಷ ತಡವಾಗಿ ಪಾಲಿಸಿದಳು.

ಆಗಸ್ಟಿನಲ್ಲಿ ಅಶೋಕಕುಮಾರ ಸರ್ ಫೋನು ಮಾಡಿದರು. ಕಳಿಸಿದ್ದ ಲೇಖನಕ್ಕಾಗಿ ಪತ್ರಿಕೆಯವರು ಬೆಳೆದ ಗಿಡದ ಮಾದರಿ ಕೇಳಿದ್ದಾರಂತೆ. ಸಸಿಗಳೆಲ್ಲ ಸತ್ತವು ಎಂದು ಇವನು ಹೇಳಿದ. ಸರ್, ಊರ ಹೊಂಡದಲ್ಲಿ ಅದೇ ಗಿಡ ಇದ್ದೇ ಇದೆಯಲ್ಲ ಎಂದರು. "ಅಲ್ಲಿಂದು ಒಂದು ತಂದು ಒಣಗಿಸಿ ಕಳಿಸ್ರಿ. ಯಾರಿಗಿ ಗೊತ್ತಾಗ್ತದ?"

ಅವನು ಆಗುವುದಿಲ್ಲ ಎಂದ. ಅಷ್ಟು ಸ್ಪಷ್ಟವಾಗಿ ಅವನು ಯಾರಿಗೂ ಆಗುವುದಿಲ್ಲ ಎಂದದ್ದಿರಲಿಲ್ಲ. ಅಂದೇ ಕೂತು ಪತ್ರಿಕೆಗೆ ತಾನೇ ಬರೆದ: ನಮ್ಮ ಅಜಾಗರೂಕತೆಯಿಂದ ಸಸಿಗಳು ನಾಶವಾಗಿವೆ, ಮೂಲ ಕಾಳುಗಳಲ್ಲಿ ಒಂದೂ ಉಳಿದಿಲ್ಲ. ಎರಡೇ ಸಾಲು. ಲೇಖನ ತಿರುಗಿ ಬಂತು. "ಭಾಳ ಪ್ರಾಮಾಣಿಕ ಅದೀರಿ ನೀವು," ಎಂದರು ಸರ್, ಮತ್ತು ಆಮೇಲೆ ಫೋನು ಮಾಡಲಿಲ್ಲ. ಕಂಡೇ ಇರದ ಯಾರೋ ಸಂಪಾದಕನಿಗೆ ಎರಡು ಸಾಲಿನಲ್ಲಿ ಹೇಳಲಾದದ್ದು ಮೂರು ಕಿಲೋಮೀಟರು ನಡೆದು ಹೋಗಿ ಹೇಳಲಾಗಿರಲಿಲ್ಲ.

ರಾಜೇಶ್ವರದಲ್ಲಿ ಇಳಿದು ಅವನು ಈಗ ಅದೇ ಮೂರು ಕಿಲೋಮೀಟರು ನಡೆದ. ಮಳೆ ನಿಂತು ಹದಿನೈದು ದಿನವಾಗಿತ್ತು. ಎರಡೂ ಕಡೆ ತೊಗರಿ ಎದೆಮಟ್ಟ ನಿಂತಿತ್ತು. ದೊಡ್ಡವ್ವ ಮನೆಯಲ್ಲಿರಲಿಲ್ಲ, ಹೊಂಡದ ದಂಡೆಯಲ್ಲಿ ಸೀರೆಯ ಸೆರಗು ತಲೆಗೆ ಹೊದ್ದು ಕೂತಿದ್ದಳು.

ನೀರು ಹಿಂದೆ ಸರಿದಿತ್ತು. ಬಡಗಣ ಮೂಲೆಯಲ್ಲಿ ಮಂಚದಷ್ಟು ಜಾಗಕ್ಕೆ ಸುತ್ತಲೂ ಕೆಂಪು ಜಂಬಿಟ್ಟಿಗೆಯ ಕಲ್ಲು ಇಟ್ಟಿದ್ದಳು. ಒಳಗೆ ನಾಕೆಲಿ ಒತ್ತೊತ್ತಾಗಿ, ಗಿಡ್ಡಗೆ, ನೆಟ್ಟಗೆ ನಿಂತಿತ್ತು. ಹೊರಗೆ ಎಮ್ಮೆಗಳು ತುಳಿದು ಕೆಸರಾದ ಕಡೆ ಅದೇ ಗಿಡ ಅಲ್ಲಲ್ಲಿ ಚದುರಿತ್ತು.

"ಇದರಾಗಿಂದು ಯಾರಿಗೂ ಹರಿಗೊಡಂಗಿಲ್ಲ ನಾ," ಎಂದಳು. "ಆ ಯಶೋದಾಬಾಯಿ ಮೊನ್ನಿ ಬಂದಿದ್ಲು, ಇಷ್ಟು ಎಳೇದದ, ಬ್ಯಾಳ್ಯಾಗ ಭಾರಿ ಆಗ್ತದ ಅಂದ್ಲು. ಬ್ಯಾರೆ ಕಡಿ ಹರಿ, ಇದು ನನ್ನ ಮಗಳದು ಅಂದೆ. ತಲಿ ಕೆಟ್ಟದ ಮುದುಕಿಗಿ ಅಂತ ಊರೆಲ್ಲಾ ಹೇಳ್ಕೋತ ಹೊಂಟಾಳ. ಹೇಳ್ಕೊಳ್ಳಿ ಬಿಡು."

ಅವನನ್ನು ಕೂಡಲು ಹೇಳಿ, ಒಂದು ಗಿಡದ ಬುಡದ ಕೆಸರನ್ನು ಬೆರಳಿನಿಂದ ಸರಿಸಿದಳು. ತೊಟ್ಟಿನ ಬುಡದಲ್ಲಿ ಹಸಿರು ಕಂದು ಬಣ್ಣದ, ರೋಮವಿರುವ ಎರಡು ಕಾಳು. ಅವಳ ಬೆರಳು ಅದನ್ನು ಮುಟ್ಟಿದ ರೀತಿ ಕೂಸಿನ ಹಲ್ಲು ನೋಡುವವರ ಹಾಗಿತ್ತು.

"ತೋರ್ಸೋದದ ಅಂದೆನಲ್ಲ, ಇದೇ. ಕಟ್ಟಾಕತ್ತಾವ." ಅವಳು ನಕ್ಕಳು. "ಅವತ್ತು ಸಪ್ಪಳ ಎಳೇದಾಗಿತ್ತು ನೋಡು. ರಾತ್ರೆಲ್ಲಾ ಅದೇ ವಿಚಾರ ಮಾಡಿದೆ. ಆಮ್ಯಾಲ ತಿಳೀತು, ಮಳಿ ಹತ್ರ ಬಂದಿತ್ತಲ್ಲ, ಗಾಳ್ಯಾಗಿನ ಹಸಿ ಆ ಕಾಳಿಗೂ ಗೊತ್ತಾಗ್ಯಾದ ಅಂತ. ಹೌದಲ್ಲ? ನೀ ಓದಿದಾಂವ ಇದ್ದಿ."

ಅವನು ಕಾಳು ನೋಡುತ್ತಿದ್ದ. ಅವಳು ಉತ್ತರಕ್ಕೆ ಕಾದಳು. ಆಮೇಲೆ ಕಾಯುವುದನ್ನು ಬಿಟ್ಟಳು.

ಕುಂಚಿಗೆಯನ್ನು ಹಿಂದಿನ ಮನೆಯ ವಿಶಾಖಾಳ ಕೂಸಿಗೆ ಕೊಟ್ಟುಬಿಟ್ಟೆ ಎಂದಳು. ಬಣ್ಣ ಹೋಗಿತ್ತು, ಆದರೂ ಒಗೆದು ತೊಡಿಸಿದ್ದಾರೆ, ಚಂದ ಕಾಣುತ್ತದೆ. ಟ್ರಂಕನ್ನು ಗುಜರಿಯವನಿಗೆ ಹಾಕಿದೆ. ಈಗ ಮನೆಯಲ್ಲಿ ಆಕೆಯದು ಏನೂ ಇಲ್ಲ. ಇರಬೇಕೆಂದೂ ಅನ್ನಿಸುವುದಿಲ್ಲ. ಬೇಕಾದಾಗ ಇಲ್ಲಿಗೆ ಬಂದು ಕೂತರಾಯಿತು, ಆಕೆ ಇಲ್ಲಿದ್ದಾಳೆ. ಇದನ್ನೆಲ್ಲ ಅವಳು ಎಮ್ಮೆಯ ಹಾಲಿನ ಸುದ್ದಿ ಹೇಳುವ ಧ್ವನಿಯಲ್ಲಿ ಹೇಳಿದಳು.

"ದೊಡ್ಡವ್ವ," ಎಂದ ಅವನು.

ಅವಳು ತಿರುಗಿ ನೋಡಿದಳು. ಆ ನೋಟದಲ್ಲಿ ಏನಿತ್ತೆಂದು ಅವನಿಗೆ ಆಗಲೂ ತಿಳಿಯಲಿಲ್ಲ. ಕೇಳಲು ಸಿದ್ಧಳಿದ್ದವಳ ನೋಟವೋ, ಬೇಡ ಎನ್ನುವವಳ ನೋಟವೋ.

"ಏನೋ?"

"ಬಿಸಲ ಭಾಳ ಅದ. ಮನಿಗಿ ನಡಿ."

ಅವಳು ಅವನ ಭುಜ ಹಿಡಿದು ಎದ್ದಳು. ಹೋಗುವ ಮುನ್ನ ಸರಿಸಿದ ಕೆಸರನ್ನು ಮತ್ತೆ ಕಾಳಿನ ಮೇಲೆ ಮುಚ್ಚಿ, ಹೊರಳಿದ್ದ ಒಂದು ಕಲ್ಲನ್ನು ಕಾಲಿನಿಂದ ಸರಿ ಮಾಡಿದಳು. ಮನೆಯಲ್ಲಿ ರೊಟ್ಟಿ, ಪುಂಡಿ ಪಲ್ಯ ಇತ್ತು. ಅವನು ಉಂಡ. ಸಂಜೆಯ ಬಸ್ಸಿಗೆ ಹುಮನಾಬಾದಿಗೆ ತಿರುಗಿದ.

ಕಲ್ಲಿನ ನಡುವೆ ಬೆಳೆದದ್ದು ಆಕೆಯ ಮಗಳ ಗಿಲಕಿಯ ಕಾಳಲ್ಲ, ಆ ಮೂವತ್ತೆಂಟೂ ತನ್ನ ಕೈಯಲ್ಲಿ ಸತ್ತವು ಎಂದು ರತ್ನದೀಪ ಅವಳಿಗೆ ಎಂದೂ ಹೇಳಲಿಲ್ಲ.